ದೇವಿಯರ ಬಗ್ಗೆ ಕಾಸರಗೋಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಚಂದ್ರಗಿರಿ ಹೊಳೆಯ ಬಡಗು ಬದಿಯಲ್ಲಿ ನೇಮ, ತೆಂಕು ಬದಿಯಲ್ಲಿ ಕಳಿಯಾಟ; ಎರಡೂ ದೈವದ ವೇಷ ಕಟ್ಟಿ ನಡೆಸುವ ಉತ್ಸವಗಳು. ಮಂಜೇಶ್ವರ, ಕುಂಬಳೆ ಕಡೆ ದೈವ ತುಳುವಿನಲ್ಲಿ ನುಡಿ ಕೊಡುತ್ತದೆ. ಕಾಞಂಗಾಡು, ನೀಲೇಶ್ವರದ ಕಡೆ ತೆಯ್ಯಂ (ಅಲ್ಲಿ ದೈವಕ್ಕೆ ಹೇಳುವ ಹೆಸರು) ಮಲಯಾಳದಲ್ಲಿ ಹೆಸರು ಹಿಡಿದು ಮಾತಾಡಿಸುತ್ತದೆ. ನಾಲ್ಕು ಮೈಲಿ ದಾಟಿದರೆ ದೇವಿಯ ಹೆಸರೂ ಹರಕೆಯೂ ಬದಲಾಗುವ ಜಿಲ್ಲೆ ನಮ್ಮದು. ಇಲ್ಲಿ ಹುಟ್ಟಿ ಬೆಳೆದವರಿಗೆ ಲೋಕದ ಉಳಿದ ದೇವಿಯರ ಬಗ್ಗೆ ಕುತೂಹಲ ಇರುವುದು ಸಹಜ. ಶಾಲೆಯ ಮಕ್ಕಳು, ಯಕ್ಷಗಾನದ ಆಟ ನೋಡಿ ಬಂದವರು, ಗಲ್ಫ್‌ನಿಂದ ರಜೆಗೆ ಬಂದವರು ನನ್ನಲ್ಲಿ ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಭಗವತಿ, ಚಾಮುಂಡಿ, ದುರ್ಗೆ, ಮಾರಿ ಎಲ್ಲರೂ ಒಬ್ಬಳೇ ದೇವಿಯ ರೂಪಗಳಲ್ಲವೇ?

ಭಕ್ತಿಯ ಮಾತಾಗಿ ಇದು ಸರಿ. ಶಾಸ್ತ್ರದ ಬೆಂಬಲವೂ ಇದೆ. ಯಕ್ಷಗಾನದಲ್ಲಿ ಬೆಳಗಿನವರೆಗೆ ಆಡುವ ‘ದೇವಿ ಮಹಾತ್ಮೆ’ಯ ಕಥೆ ಬಂದದ್ದು ಮಾರ್ಕಂಡೇಯ ಪುರಾಣದಿಂದ. ಅದರಲ್ಲಿ ಶುಂಭ, ಬೇರೆಯವರ ಬಲ ನಂಬಿ ಹೋರಾಡುವವಳು ಎಂದು ದೇವಿಯನ್ನು ಹಂಗಿಸುತ್ತಾನೆ. ಈ ಜಗತ್ತಿನಲ್ಲಿ ನಾನೊಬ್ಬಳೇ, ನನ್ನನ್ನು ಬಿಟ್ಟು ಎರಡನೆಯವಳು ಯಾರಿದ್ದಾಳೆ ಎಂದು ಅವಳು ಕೇಳುತ್ತಾಳೆ. ಬ್ರಹ್ಮಾಣಿ ಮೊದಲಾದ ಮಾತೃಕೆಯರೆಲ್ಲ ಅವಳೊಳಗೆ ಸೇರಿಹೋಗುತ್ತಾರೆ.

ಆದರೆ ಊರಿನ ಮಟ್ಟಕ್ಕೆ ಇಳಿದು ನೋಡಿ. ಅಗಲ್ಪಾಡಿಯ ದುರ್ಗಾಪರಮೇಶ್ವರಿಗೆ ಗರ್ಭಗುಡಿ, ತಂತ್ರಿ, ತ್ರಿಕಾಲ ಪೂಜೆ. ಹಿತ್ತಿಲ ಮರದ ಬುಡದ ರಕ್ತೇಶ್ವರಿಗೆ ಒಂದು ಕಲ್ಲು, ವರ್ಷಕ್ಕೊಮ್ಮೆ ತಂಬಿಲದ ಸೇವೆ. ಮುಚ್ಚಿಲೋಟು ಭಗವತಿ ಎಣ್ಣೆ ಗಾಣದವರಾದ ವಾಣಿಯರ ಕುಲದೇವತೆ. ಚೀರುಂಬಾ ಭಗವತಿಯನ್ನು ನಂಬಿ ನಡೆಯುವವರು ತೀಯರು, ಬೆಳ್ಚಾಡರು. ಒಬ್ಬಳ ಕಥೆ ಇನ್ನೊಬ್ಬಳದಲ್ಲ, ಒಬ್ಬಳ ಮುಖವರ್ಣಿಕೆ ಇನ್ನೊಬ್ಬಳಿಗೆ ಬರೆಯುವುದಿಲ್ಲ. ಬಣ್ಣ ಬರೆಯುವ ಕಲಾವಿದನಿಗೆ ಕಣ್ಣಿನ ಸುತ್ತ ಎಳೆಯುವ ಒಂದು ಗೆರೆ ತಪ್ಪಿದರೂ ಗೊತ್ತಾಗುತ್ತದೆ.

ಎಲ್ಲ ಒಬ್ಬಳೇ ಎಂದು ಮೊದಲಿಗೇ ಹೇಳಿಬಿಟ್ಟರೆ ಮುಂದೆ ಕೇಳಲು ಏನೂ ಉಳಿಯುವುದಿಲ್ಲ. ಇವಳು ಯಾರವಳು, ಎಲ್ಲಿಂದ ಬಂದಳು, ಯಾವ ಕೆಲಸ ಮಾಡುತ್ತಾಳೆ ಎಂದು ಕೇಳಿದಾಗಲೇ ದೇವಿಯ ಪರಿಚಯ ಆಗುವುದು. ಈಜಿಪ್ಟ್, ಜಪಾನ್, ನೈಜೀರಿಯಾದ ದೇವಿಯರ ವಿಷಯದಲ್ಲೂ ನಾನು ಇದೇ ದಾರಿ ಹಿಡಿಯುತ್ತೇನೆ.

ಹೊರದೇಶದ ದೇವಿಯರು ನಮ್ಮ ದೇವಿಯರೇ, ಹೆಸರು ಮಾತ್ರ ಬೇರೆ ಎಂದು ವಾಟ್ಸಾಪ್‌ನಲ್ಲಿ ಬರುತ್ತದೆ. ನಿಜವೇ?

ಕೆಲವರು ನಿಜವಾಗಿಯೂ ಪ್ರಯಾಣ ಮಾಡಿದವರು, ಹೆಚ್ಚಿನವರು ತಮ್ಮ ತಮ್ಮ ನೆಲದಲ್ಲೇ ಹುಟ್ಟಿದವರು. ಇವೆರಡನ್ನು ಬೇರೆ ಮಾಡಿ ನೋಡಬೇಕು.

ಪ್ರಯಾಣಕ್ಕೆ ಸಾಕ್ಷಿ ಇರುವ ಕಡೆ ಅದು ಗಟ್ಟಿ ಸಾಕ್ಷಿ. ನಮ್ಮ ಸರಸ್ವತಿ ಬೌದ್ಧ ಗ್ರಂಥಗಳ ಜೊತೆ ಚೀನಾ ದಾಟಿ ಜಪಾನಿಗೆ ಹೋಗಿ ಬೆಂಜೈಟೆನ್ ಆದಳು. ಅಲ್ಲಿಯೂ ಅವಳ ಕೈಯಲ್ಲಿ ತಂತಿವಾದ್ಯವಿದೆ, ಅಲ್ಲಿಯೂ ಅವಳ ಗುಡಿಗಳು ನೀರಿನ ಬದಿಯಲ್ಲಿವೆ. ಲಕ್ಷ್ಮಿ ಅಲ್ಲಿ ಕಿಚಿಜೋಟೆನ್. ಇಟಲಿಯ ಪೊಂಪೆಯಲ್ಲಿ ಕ್ರಿ.ಶ. 79ರ ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿದ್ದ ಭಾರತದ ದಂತದ ಸ್ತ್ರೀಮೂರ್ತಿಯೊಂದು 1938ರಲ್ಲಿ ಸಿಕ್ಕಿತು. ‘ಪೊಂಪೆಯ ಲಕ್ಷ್ಮಿ’ ಎಂದು ಹೆಸರಾದರೂ ಅವಳು ಯಕ್ಷಿಯಾಗಿರಬೇಕು ಎನ್ನುವವರೇ ಹೆಚ್ಚು. ಪಶ್ಚಿಮ ಆಫ್ರಿಕಾದ ಯೊರೂಬಾ ಜನರ ನೀರಿನ ತಾಯಿ ಯೆಮೋಜಾ, ಗುಲಾಮರ ಹಡಗಿನಲ್ಲಿ ಬ್ರೆಜಿಲ್ ಸೇರಿ ಯೆಮಾಂಜಾ ಆದಳು. ಫೆಬ್ರವರಿ 2ರಂದು ಸಾಲ್ವಡಾರ್ ಪಟ್ಟಣದ ಕಡಲತಡಿಯಲ್ಲಿ ಅವಳಿಗೆ ಹೂ, ಕನ್ನಡಿ, ಅತ್ತರು ಬಿಡುತ್ತಾರೆ. ಸಂಕೋಲೆಯಲ್ಲಿ ಸಾಗಿಸಲ್ಪಟ್ಟವರು ತಮ್ಮ ದೇವಿಯನ್ನು ಕೈಬಿಡದೆ ಉಳಿಸಿಕೊಂಡ ಈ ಕಥೆಯಷ್ಟು ನನ್ನನ್ನು ಅಲುಗಾಡಿಸಿದ್ದು ಬೇರೆ ಇಲ್ಲ.

ಆದರೆ ಹೆಸರಿನಲ್ಲಿ ಎರಡಕ್ಷರ ಹೊಂದಿಕೆಯಾಯಿತೆಂದು ಸಂಬಂಧ ಹೇಳುವ ಸಂದೇಶಗಳನ್ನು ಮುಂದೆ ಕಳಿಸಬೇಡಿ. ದಾರಿ, ಕಾಲ, ವಸ್ತು ಈ ಮೂರೂ ಇಲ್ಲದೆ ಪ್ರಯಾಣ ಇಲ್ಲ.

ಅಷ್ಟೊಂದು ಕಡೆ ದೇವಿಗೆ ಸಿಂಹವೇ ಯಾಕೆ?

ಒಳ್ಳೆಯ ಪ್ರಶ್ನೆ, ಉತ್ತರವೂ ಕುತೂಹಲದ್ದು. ಮೆಸೊಪೊಟೇಮಿಯಾದ, ಅಂದರೆ ಇಂದಿನ ಇರಾಕಿನ ಕಡೆಯ, ಇನಾನ್ನಾ (ಮುಂದೆ ಇಷ್ಟಾರ್) ಸಿಂಹದ ಮೇಲೆ ಕಾಲಿಟ್ಟು ನಿಲ್ಲುತ್ತಾಳೆ. ನೆಬುಕಡ್ನೆಜರ್ ಅರಸ ಬ್ಯಾಬಿಲೋನಿನಲ್ಲಿ ಅವಳ ಹೆಸರಿನ ಮಹಾದ್ವಾರ ಕಟ್ಟಿಸಿದಾಗ ಅದಕ್ಕೆ ಹೋಗುವ ದಾರಿಯ ಗೋಡೆಯ ಮೇಲೆ ಸಿಂಹಗಳ ಸಾಲನ್ನೇ ಮೂಡಿಸಿದ. ಅನಟೋಲಿಯಾದ (ಇಂದಿನ ಟರ್ಕಿ) ಸಿಬೆಲೆಯ ರಥ ಎಳೆಯುವುದು ಸಿಂಹಗಳು. ಈಜಿಪ್ಟಿನ ಸೆಖ್ಮೆತ್‌ಗೆ ತಲೆಯೇ ಸಿಂಹಿಣಿಯದು.

ನಮ್ಮ ದುರ್ಗೆಗೆ ಸಿಂಹವನ್ನು ಕೊಟ್ಟವನು ಹಿಮವಂತ ಎಂದು ಪುರಾಣ ಹೇಳುತ್ತದೆ. ಇತಿಹಾಸದಲ್ಲಿ ಇನ್ನೊಂದು ಸುಳಿವಿದೆ. ಉರೂಕ್ ಪಟ್ಟಣದಲ್ಲಿ ಇನಾನ್ನಾಳ ಜೊತೆ ಪೂಜೆಗೊಳ್ಳುತ್ತಿದ್ದ ನನಾಯಾ ಎಂಬ ದೇವಿ ಇರಾನ್ ದಾಟಿ ಇಂದಿನ ಅಫ್ಘಾನಿಸ್ತಾನದವರೆಗೆ ಬಂದಳು. ಅಲ್ಲಿ ನನಾ ಎಂಬ ಹೆಸರಿನಿಂದ ಕುಷಾಣರ ದೇವಿಯಾದಳು. ಕನಿಷ್ಕನ ನಾಣ್ಯಗಳಲ್ಲಿ ಅವಳಿದ್ದಾಳೆ. 1993ರಲ್ಲಿ ಸಿಕ್ಕ ರಬಾತಕ್ ಶಾಸನದಲ್ಲಿ ಕನಿಷ್ಕ ತನಗೆ ಅರಸೊತ್ತಿಗೆ ನನಾಳಿಂದ ಬಂತು ಎನ್ನುತ್ತಾನೆ. ಕುಷಾಣರ ಕಾಲದ ನನಾ ಸಿಂಹದ ಮೇಲೆ ಕೂತಿರುತ್ತಾಳೆ. ಅದೇ ಕುಷಾಣರ ಮಥುರೆಯಲ್ಲಿ ಮಹಿಷಮರ್ದಿನಿಯ ಹಳೆಯ ಮೂರ್ತಿಗಳೂ ಸಿಕ್ಕಿವೆ. ದುರ್ಗೆಯ ಸಿಂಹಕ್ಕೆ ಈ ನನಾಳ ನೆರಳಿದೆ ಎಂದು ಹಲವು ವಿದ್ವಾಂಸರು ಊಹಿಸುತ್ತಾರೆ. ಊಹೆ ಎನ್ನುವುದನ್ನು ಮರೆಯದೆ ಒಪ್ಪುವವರಲ್ಲಿ ನಾನೂ ಒಬ್ಬ. ಕೋಣನನ್ನು ಕೊಲ್ಲುವ ಕಥೆ ಮಾತ್ರ ಪೂರ್ತಿ ಈ ನೆಲದ್ದು.

ಲೋಕದ ಅತಿ ಹಳೆಯ ದೇವಿ ಯಾರು?

ಹೆಸರು, ಗುಡಿ, ಹಾಡು ಮೂರೂ ಗೊತ್ತಿರುವವರಲ್ಲಿ ಅತ್ಯಂತ ಹಳಬರ ಸಾಲಿಗೆ ಸೇರಿದವಳು ಇನಾನ್ನಾ. ಉರೂಕಿನ ಎಅನ್ನಾ ಎಂಬ ಗುಡಿ ಅವಳದು. ಅವಳನ್ನು ಹಾಡಿದ ಕವಿಯ ಹೆಸರೂ ನಮಗೆ ಗೊತ್ತು: ಎನ್‌ಹೆದುಅನ್ನಾ. ಅಕ್ಕಾಡಿನ ಅರಸ ಸಾರ್ಗೊನನ ಮಗಳು, ಉರ್ ಪಟ್ಟಣದ ಚಂದ್ರದೇವನ ಮಹಾಪೂಜಾರಿಣಿ, ಕಾಲ ಸುಮಾರು ಕ್ರಿ.ಪೂ. 2300. ಲೋಕದಲ್ಲಿ ಹೆಸರು ಉಳಿದಿರುವ ಮೊದಲ ಕವಿ ಒಬ್ಬ ಹೆಂಗಸು. ಅವಳ ಹೆಸರಿನಲ್ಲಿ ಉಳಿದಿರುವ ಮುಖ್ಯ ಹಾಡು ದೇವಿಯ ಮೇಲಿನದು. ದಂಗೆಯೆದ್ದ ಅರಸನೊಬ್ಬ ತನ್ನನ್ನು ಗುಡಿಯಿಂದ ಹೊರಗೆ ಹಾಕಿದ ಸಂಕಟವನ್ನು ಆ ಹಾಡಿನಲ್ಲಿ ಇನಾನ್ನಾಳ ಮುಂದೆ ತೋಡಿಕೊಳ್ಳುತ್ತಾಳೆ. ದೈವದ ಎದುರು ನಿಂತು ‘ನನಗೆ ಹೀಗಾಯಿತು, ನೀನೇ ನೋಡಿಕೋ’ ಎನ್ನುವ ನಮ್ಮೂರಿನ ಹೆಂಗಸರ ದನಿ ನನಗೆ ಅದರಲ್ಲಿ ಕೇಳುತ್ತದೆ.

ಬರಹಕ್ಕಿಂತ ಹಿಂದಿನ ಸ್ತ್ರೀಮೂರ್ತಿಗಳೂ ಇವೆ. ಆಸ್ಟ್ರಿಯಾದ ವಿಲೆನ್‌ಡಾರ್ಫ್‌ನಲ್ಲಿ 1908ರಲ್ಲಿ ಸಿಕ್ಕ, ಗೇಣುದ್ದವೂ ಇಲ್ಲದ, 11 ಸೆಂಟಿಮೀಟರಿನ ಸುಣ್ಣಕಲ್ಲಿನ ಬೊಂಬೆಗೆ 25,000 ವರ್ಷಕ್ಕೂ ಹೆಚ್ಚು ವಯಸ್ಸು. ದಪ್ಪ ಮೊಲೆ, ದಪ್ಪ ಹೊಟ್ಟೆ, ಮುಖವಿಲ್ಲದ ತಲೆ, ಮೈಗೆ ಹಚ್ಚಿದ್ದ ಕೆಮ್ಮಣ್ಣಿನ ಗುರುತು. ಅವಳು ದೇವಿಯೇ ಎನ್ನಲು ಆ ಜನ ಒಂದಕ್ಷರವೂ ಬಿಟ್ಟುಹೋಗಿಲ್ಲ.

ಒಂದು ಕಾಲದಲ್ಲಿ ಇಡೀ ಲೋಕ ಮಾತೃದೇವತೆಯನ್ನೇ ಪೂಜಿಸುತ್ತಿತ್ತು, ಹೆಂಗಸರೇ ಆಳುತ್ತಿದ್ದರು ಎನ್ನುತ್ತಾರಲ್ಲ?

1861ರಲ್ಲಿ ಸ್ವಿಟ್ಜರ್ಲೆಂಡಿನ ಬಾಖೋಫೆನ್ ಈ ವಾದ ಎತ್ತಿದ. ಇಪ್ಪತ್ತನೇ ಶತಮಾನದಲ್ಲಿ ಮಾರಿಯಾ ಗಿಂಬುಟಾಸ್ ಎಂಬ ಪುರಾತತ್ವಜ್ಞೆ ಅದಕ್ಕೆ ಹೊಸ ಬಲ ಕೊಟ್ಟರು. ಟರ್ಕಿಯ ಚತಾಲ್‌ಹೊಯುಕ್‌ನಲ್ಲಿ 1961ರಲ್ಲಿ ಎರಡು ಚಿರತೆಯಂಥ ಪ್ರಾಣಿಗಳ ನಡುವೆ ಕೂತ ದಪ್ಪ ಹೆಂಗಸಿನ ಮಣ್ಣಿನ ಮೂರ್ತಿ ಸಿಕ್ಕಾಗ ಇದೇ ಸಾಕ್ಷಿ ಎಂದು ಬಹಳ ಮಂದಿ ಸಂಭ್ರಮಿಸಿದರು. 1993ರಿಂದ ಅದೇ ದಿಬ್ಬವನ್ನು ಮತ್ತೆ ಅಗೆದವರು ಬೇರೆ ಚಿತ್ರ ಕೊಟ್ಟಿದ್ದಾರೆ. ಅಲ್ಲಿನ ಬೊಂಬೆಗಳಲ್ಲಿ ಹೆಚ್ಚಿನವು ಪ್ರಾಣಿಗಳದ್ದು. ಮೂಳೆ ಪರೀಕ್ಷಿಸಿದಾಗ ಗಂಡಸರೂ ಹೆಂಗಸರೂ ಹೆಚ್ಚುಕಡಿಮೆ ಒಂದೇ ಊಟ ಉಂಡವರು, ಒಂದೇ ಒಲೆಯ ಹೊಗೆ ಕುಡಿದವರು ಎಂದು ಕಂಡಿತು. ಹೆಂಗಸರು ಆಳಿದರು ಎನ್ನಲು ಇದು ಸಾಲದು. ಆದರೆ ಸಮನಾಗಿ ಉಂಡರು ಎನ್ನುವುದು ಸಣ್ಣ ಸುದ್ದಿಯಲ್ಲ, ನನಗಂತೂ ಅದೇ ಹೆಚ್ಚು ಬೆಲೆಯದು.

ಭೂಮಿ ಎಲ್ಲ ಕಡೆಯೂ ತಾಯಿಯೇ?

ಬಹಳ ಕಡೆ ಹೌದು. ಈಜಿಪ್ಟಿನಲ್ಲಿ ಅಲ್ಲ. ಅಲ್ಲಿ ನೆಲ ಗಂಡು, ಗೆಬ್. ಆಕಾಶ ಹೆಣ್ಣು, ನುತ್. ಅವಳು ಕೈಕಾಲು ಊರಿ ನೆಲದ ಮೇಲೆ ಬಾಗಿ ನಿಂತಿದ್ದಾಳೆ, ಮೈತುಂಬ ನಕ್ಷತ್ರ. ಸಂಜೆಗೆ ಸೂರ್ಯನನ್ನು ನುಂಗಿ ಬೆಳಿಗ್ಗೆ ಹೆರುತ್ತಾಳೆ.

ನಮ್ಮಲ್ಲಿ ಭೂಮಿ ತಾಯಿ ಎನ್ನುವುದಕ್ಕಿಂತ ಹೆಚ್ಚು: ಅವಳು ಮೈನೆರೆಯುವ ಹೆಣ್ಣು. ಪೊನ್ನಿ ತಿಂಗಳ ಕೊನೆಗೆ, ಫೆಬ್ರವರಿಯ ಎರಡನೇ ವಾರದ ಹೊತ್ತಿಗೆ, ತುಳುವರ ಮನೆಗಳಲ್ಲಿ ಕೆಡ್ಡಸ. ಆ ದಿನಗಳಲ್ಲಿ ಹಾರೆ ಹಿಡಿಯಬಾರದು, ನೆಲ ಅಗೆಯಬಾರದು, ಹಸಿ ಗಿಡ ಕಡಿಯಬಾರದು. ಕೊನೆಯ ದಿನ ಬೆಳಿಗ್ಗೆ ಮನೆಯ ಹೆಂಗಸರು ಅಂಗಳದಲ್ಲಿ ತುಳಸಿಕಟ್ಟೆಯ ಮುಂದೆ ಜಾಗ ಸಾರಿಸಿ, ಎಣ್ಣೆ, ಸೀಗೆ, ಅರಿಸಿನ, ಕುಂಕುಮ, ಬಾಚಣಿಗೆ, ಕನ್ನಡಿ ಇಟ್ಟು, ನೆಲಕ್ಕೆ ಎಣ್ಣೆ ಬಿಡುತ್ತಾರೆ. ಮೊದಲ ಸಲ ಮಿಂದ ಹುಡುಗಿಗೆ ಮಾಡುವ ಉಪಚಾರವೆಲ್ಲ ಇಲ್ಲಿ ನೆಲಕ್ಕೆ. ಒಣಗಿದ ಫೆಬ್ರವರಿಯ ಮಣ್ಣು ಆ ಎಣ್ಣೆಯನ್ನು ಹೀರಿಕೊಳ್ಳುವುದನ್ನು ಬಗ್ಗಿ ನೋಡಿದ ಮಗುವಿಗೆ ಭೂಮಿಗೆ ಜೀವವಿದೆ ಎಂದು ಬೇರೆ ಪಾಠ ಹೇಳಬೇಕಿಲ್ಲ.

ಒಡಿಶಾದಲ್ಲಿ ಜೂನ್ ತಿಂಗಳ ರಜ ಪರ್ಬಕ್ಕೂ ಉಳುಮೆ ನಿಲ್ಲುತ್ತದೆ, ಹುಡುಗಿಯರು ಉಯ್ಯಾಲೆ ಆಡುತ್ತಾರೆ. ಅಸ್ಸಾಮಿನ ಕಾಮಾಖ್ಯೆಯ ಗುಡಿ ಅಂಬುಬಾಚಿಗೆ ಮೂರು ದಿನ ಬಾಗಿಲು ಹಾಕುತ್ತದೆ. ತೆಂಕು ಕೇರಳದ ಚೆಂಗನ್ನೂರಿನಲ್ಲಿ ಭಗವತಿಗೇ ಮುಟ್ಟಾಗುತ್ತದೆ. ಅದನ್ನು ಅಲ್ಲಿ ತ್ರಿಪ್ಪೂತ್ತು ಎಂದು ಆಚರಿಸುತ್ತಾರೆ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಜನ ಆಗಸ್ಟ್ 1ರಂದು ನೆಲದಲ್ಲಿ ಗುಂಡಿ ತೋಡಿ ಪಚಮಾಮಾಳಿಗೆ ಊಟ, ಜೋಳದ ಹೆಂಡ, ಕೋಕಾ ಎಲೆ ಹಾಕಿ ಮುಚ್ಚುತ್ತಾರೆ. ಅವರ ತಾಯಿ ಹಸಿದವಳು, ನಮ್ಮವಳು ವಿಶ್ರಾಂತಿ ಬೇಕಾದವಳು.

ಮುಟ್ಟಾದ ಭೂಮಿಗೆ ಎಣ್ಣೆ ಕುಂಕುಮ ಕೊಡುವ ಮನೆಗಳಲ್ಲೇ ಮುಟ್ಟಾದ ಮಗಳನ್ನು ಹೊರಗೆ ಕೂರಿಸುವುದೂ ಇತ್ತು. ಕೆಡ್ಡಸ ಆಚರಿಸುವ ಪ್ರತಿಯೊಬ್ಬರೂ ಇದನ್ನು ಯೋಚಿಸಬೇಕು ಎಂದು ನನ್ನ ಬಲವಾದ ಅಭಿಪ್ರಾಯ.

ಸೂರ್ಯ ಹೆಣ್ಣಾಗಿರುವ ಕಡೆ ಇದೆಯೇ?

ಇದೆ. ಜಪಾನಿನ ಅಮತೆರಾಸು ಸೂರ್ಯದೇವಿ, ಅವಳ ತಮ್ಮ ಚಂದ್ರ. ಇನ್ನೊಬ್ಬ ತಮ್ಮ ಸುಸಾನೊವೊನ ಪುಂಡಾಟಕ್ಕೆ ರೋಸಿ ಅವಳು ಗುಹೆ ಸೇರಿ ಕಲ್ಲು ಮುಚ್ಚಿಕೊಂಡಳು, ಲೋಕ ಕತ್ತಲಾಯಿತು. ಉಜುಮೆ ಎಂಬ ದೇವಿ ಮಗುಚಿದ ತೊಟ್ಟಿಯ ಮೇಲೆ ಹತ್ತಿ ಬಟ್ಟೆ ಜಾರುವಂತೆ ಕುಣಿದಾಗ ದೇವತೆಗಳೆಲ್ಲ ಗೊಳ್ಳೆಂದು ನಕ್ಕರು. ಇದೇನು ಗಲಾಟೆ ಎಂದು ಅಮತೆರಾಸು ಕಲ್ಲು ಸರಿಸಿ ಇಣುಕಿದಳು, ಎದುರಿಗೆ ಹಿಡಿದ ಕನ್ನಡಿಯಲ್ಲಿ ತನ್ನ ಬೆಳಕನ್ನೇ ಕಂಡು ಹೊರಗೆ ಬಂದಳು. 712ರಲ್ಲಿ ಬರೆದಿಟ್ಟ ಕಥೆ ಇದು. ಇಸೆಯಲ್ಲಿರುವ ಅವಳ ಗುಡಿಯನ್ನು 20 ವರ್ಷಕ್ಕೊಮ್ಮೆ ಪೂರ್ತಿ ಹೊಸ ಮರದಲ್ಲಿ ಕಟ್ಟುತ್ತಾರೆ, ಕಳೆದ ಸಲ ಕಟ್ಟಿದ್ದು 2013ರಲ್ಲಿ.

ಸ್ಕ್ಯಾಂಡಿನೇವಿಯಾದ ಸೋಲ್, ಪ್ರಾಚೀನ ಅನಟೋಲಿಯಾದ ಹಿಟ್ಟೈಟರ ಅರಿನ್ನಾದ ದೇವಿ ಕೂಡ ಸೂರ್ಯರೇ. ಸೂರ್ಯ ಗಂಡಾಗಿರುವ ನಮ್ಮಲ್ಲೂ ದೇವಿಗೆ ಬಿಸಿಲಿನ ಸೇವೆ ಇದೆ. ಗಡಿಯ ಇನ್ನೊಂದು ತುದಿಯ ಕೊಲ್ಲಾಪುರದಲ್ಲಿ, ಬಹಳ ಮಂದಿ ಕನ್ನಡಿಗರ ಕುಲದೇವತೆಯಾದ ಮಹಾಲಕ್ಷ್ಮಿಗೆ, ನವೆಂಬರಿನಲ್ಲಿ ಮತ್ತು ಜನವರಿ ಕೊನೆಗೆ ಕಿರಣೋತ್ಸವ. ಮುಳುಗುವ ಸೂರ್ಯನ ಕಿರಣ ಮೊದಲ ದಿನ ಪಾದಕ್ಕೆ, ಮರುದಿನ ಎದೆಗೆ, ಮೂರನೇ ದಿನ ಮುಖಕ್ಕೆ ಬೀಳುತ್ತದೆ.

ಉಗ್ರ ದೇವಿಗೆ ರಕ್ತ ಯಾಕೆ? ಕುರುದಿ ನೀರು ಅದರ ಬದಲಿಯೇ?

ಕುರುದಿ ಮಾಡುವುದನ್ನು ಹತ್ತಿರದಿಂದ ನೋಡಿದ್ದೀರಾ? ಉರುಳಿಯ ನೀರಿಗೆ ಅರಿಸಿನ ಕದಡುತ್ತಾರೆ. ನೀರು ಹಳದಿ. ಆಮೇಲೆ ವೀಳ್ಯಕ್ಕೆ ಹಚ್ಚುವ ಸುಣ್ಣವನ್ನು ಒಂದು ಚಿಟಿಕೆ ಹಾಕಿ ಕೈಯಾಡಿಸಿದರೆ ನೋಡನೋಡುತ್ತ ನೀರು ಕೆಂಪಾಗುತ್ತದೆ. ಸುಣ್ಣದ ಕ್ಷಾರಕ್ಕೆ ಅರಿಸಿನದ ಬಣ್ಣ ತಿರುಗುವುದು ರಸಾಯನಶಾಸ್ತ್ರ. ಆದರೆ ದೀಟಿಗೆಯ ಬೆಳಕಿನಲ್ಲಿ ಅದು ರಕ್ತವೇ.

ಇದಕ್ಕೆ ಈಜಿಪ್ಟಿನಲ್ಲಿ ಬೆರಗಾಗುವಂಥ ಜೋಡಿ ಇದೆ. ಮುದುಕನಾದ ಸೂರ್ಯದೇವ ರಾನ ವಿರುದ್ಧ ಮನುಷ್ಯರು ಸಂಚು ಹೂಡಿದರು. ಅವನು ತನ್ನ ಕಣ್ಣನ್ನೇ ದೇವಿಯಾಗಿ ಕಳಿಸಿದ. ಅವಳು ಸೆಖ್ಮೆತ್ ಆಗಿ ಸಿಕ್ಕಸಿಕ್ಕವರನ್ನು ಕೊಂದಳು, ರಕ್ತದ ರುಚಿ ಹತ್ತಿತು, ನಿಲ್ಲು ಎಂದರೂ ನಿಲ್ಲಲಿಲ್ಲ. ಆಗ ರಾತ್ರೋರಾತ್ರಿ 7,000 ಮಡಕೆ ಬಿಯರಿಗೆ ಕೆಮ್ಮಣ್ಣು ಬೆರೆಸಿ ಹೊಲಗಳ ಮೇಲೆ ಸುರಿಸಿದರು. ಬೆಳಿಗ್ಗೆ ಬಂದವಳು ರಕ್ತವೆಂದು ತಿಳಿದು ಕುಡಿದು ಮತ್ತೇರಿ, ಕೊಲ್ಲಲು ಬಂದಿದ್ದೇನೆ ಎನ್ನುವುದನ್ನೇ ಮರೆತಳು. ಮನುಷ್ಯಕುಲ ಉಳಿಯಿತು.

ಈ ಎರಡು ಕೆಂಪು ನೀರುಗಳ ನಡುವೆ ಹಡಗು ಸಂಚಾರದ ಸಂಬಂಧ ಹುಡುಕಬೇಡಿ. ಅಲ್ಲಿ ಕೆಂಪು ದ್ರವ ದೇವಿಯನ್ನು ಮರೆಸುವ ಉಪಾಯ. ಇಲ್ಲಿ ಅದು ಎಲ್ಲರ ಕಣ್ಣೆದುರು ಕದಡಿ ಕೊಡುವ ನೈವೇದ್ಯ, ದೇವಿಯೂ ತಿಳಿದೇ ಸ್ವೀಕರಿಸುತ್ತಾಳೆ. ಆದರೆ ಸಿಟ್ಟಾದ ಶಕ್ತಿಯನ್ನು ಸೋಲಿಸಲು ಆಗದು, ತಣಿಸಬೇಕು ಎಂಬ ತಿಳಿವಳಿಕೆ ಎರಡೂ ಕಡೆ ಒಂದೇ. ದಾರಿಕಾಸುರನನ್ನು ಕೊಂದ ಮೇಲೂ ತಣಿಯದ ಭದ್ರಕಾಳಿಯ ಕಥೆ ಕೇಳಿ ಬೆಳೆದ ನಮಗೆ ಇದು ಹೊಸತಲ್ಲ.

ಬೇನೆ ಕೊಡುವವಳೂ ಅವಳೇ, ಗುಣ ಮಾಡುವವಳೂ ಅವಳೇ ಎನ್ನುವುದು ಹೇಗೆ?

ಚೀರುಂಬಾ ಭಗವತಿ ವಸೂರಿಯ, ಅಂದರೆ ಸಿಡುಬಿನ, ಬಿತ್ತು ಎರಚುವವಳೂ ಹೌದು, ಅದನ್ನು ಹಿಂತೆಗೆಯುವವಳೂ ಹೌದು. ಪುದಿಯ ಭಗವತಿ ವಸೂರಿಯನ್ನು ತೊಡೆಯಲೆಂದೇ ಹುಟ್ಟಿದವಳು. ತೆಯ್ಯಂ ಸೊಂಟದ ಸುತ್ತ ಉರಿಯುವ ಪಂದಗಳನ್ನು ಕಟ್ಟಿಕೊಂಡು ಬೆಳಗಿನ ಜಾವ ಅಂಗಳಕ್ಕೆ ಇಳಿಯುತ್ತದೆ. ಸೆಖ್ಮೆತ್ ಕೂಡ ಪಿಡುಗು ತರುವವಳು, ಅವಳ ಪೂಜಾರಿಗಳೇ ಈಜಿಪ್ಟಿನ ವೈದ್ಯರು. ಬಂಗಾಳದಲ್ಲಿ ಶೀತಲೆ, ತಮಿಳುನಾಡಿನಲ್ಲಿ ಮಾರಿಯಮ್ಮ. ಎಲ್ಲ ಕಡೆ ಇದು ಹೆಣ್ಣೇ ಎಂದು ತಿಳಿಯಬೇಡಿ: ಯೊರೂಬಾದ ಸಿಡುಬಿನ ದೇವರು ಗಂಡು, ಗ್ರೀಕರಿಗೆ ಪಿಡುಗಿನ ಬಾಣ ಬಿಡುವವನು ಅಪೊಲೊ.

1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಅಳಿಯಿತೆಂದು ಸಾರಿತು. ಲಸಿಕೆಯಿಂದಲೇ ಅಳಿದದ್ದು. ಭಗವತಿಯ ಉತ್ಸವ ನಿಂತಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಆದರೆ ಮಗುವಿಗೆ ಮೈಮೇಲೆ ಬೊಕ್ಕೆ ಎದ್ದರೆ ಹರಕೆಯ ಜೊತೆಗೆ ಡಾಕ್ಟರಲ್ಲಿಗೂ ಕರೆದುಕೊಂಡು ಹೋಗಿ.

ಮನುಷ್ಯ ಹೆಂಗಸು ದೇವಿಯಾದ ಕಥೆ ನಮ್ಮಲ್ಲಿ ಮಾತ್ರ ಇದೆಯೇ?

ನಮ್ಮಲ್ಲಿ ಧಾರಾಳ. ಮುಚ್ಚಿಲೋಟು ಭಗವತಿಯ ಕಥೆ ಕೇಳಿ. ಶಾಸ್ತ್ರ ಕಲಿತ ಬ್ರಾಹ್ಮಣ ಕನ್ಯೆ, ವಾದದಲ್ಲಿ ಪಂಡಿತರನ್ನು ಸೋಲಿಸುವವಳು. ರಸಗಳಲ್ಲಿ ಹಿರಿದು ಯಾವುದು, ನೋವುಗಳಲ್ಲಿ ಹಿರಿದು ಯಾವುದು ಎಂದು ಕೇಳಿದರು. ಕಾಮರಸ, ಪ್ರಸವವೇದನೆ ಎಂದಳು. ಮದುವೆಯಾಗದ ಹುಡುಗಿಗೆ ಇದು ಹೇಗೆ ಗೊತ್ತು ಎಂದು ಅಪವಾದ ಹೊರಿಸಿ ಹೊರಗೆ ಹಾಕಿದರು. ಅವಳು ಬೆಂಕಿ ಹಾಕಿ ಹಾರಿದಳು. ದಾರಿಯಲ್ಲಿ ಎಣ್ಣೆ ಹೊತ್ತು ಹೋಗುತ್ತಿದ್ದ ವಾಣಿಯನೊಬ್ಬನಲ್ಲಿ ಆ ಬೆಂಕಿಗೆ ಎಣ್ಣೆ ಹೊಯ್ಯಿಸಿಕೊಂಡಳು. ಇಂದು ಅವಳ ಪೆರುಂಕಳಿಯಾಟಕ್ಕೆ (ದೊಡ್ಡ ಕಳಿಯಾಟ) ಸಾವಿರಾರು ಜನ ಸೇರಿ ಕೈಮುಗಿಯುತ್ತಾರೆ. ಸರಿಯಾದ ಉತ್ತರ ಕೊಟ್ಟದ್ದಕ್ಕೆ ಒಬ್ಬ ಹುಡುಗಿಯನ್ನು ಸುಟ್ಟ ಊರು ತಲೆಮಾರುಗಳಿಂದ ಅವಳ ಎದುರು ನಿಂತು ತಪ್ಪೊಪ್ಪಿಕೊಳ್ಳುತ್ತಿದೆ ಎಂದೇ ನಾನು ಓದುತ್ತೇನೆ.

ತುಳುನಾಡಿನ ಸಿರಿಯದು ಇನ್ನೊಂದು ಬಗೆ. ಗಂಡ ಕಾಂತು ಪೂಂಜ ಬಯಕೆಯ ಸೀರೆಯನ್ನು ಮೊದಲು ಸೂಳೆ ಸಿದ್ದುವಿಗೆ ಉಡಿಸಿ ತಂದ ಎಂದು ಗೊತ್ತಾದಾಗ ಸಿರಿ ಆ ಸೀರೆ ಮುಟ್ಟಲಿಲ್ಲ. ಮುಂದೆ ಬರ ಹೇಳಿ, ಅಂದರೆ ವಿಚ್ಛೇದನ ಪಡೆದು, ಮಗುವಿನ ಸಮೇತ ಹೊರಟಳು. ಆಮೇಲೆ ಇನ್ನೊಂದು ಮದುವೆಯೂ ಆದಳು. ಗೋಪಾಲ ನಾಯ್ಕರು ಹಾಡಿದ್ದನ್ನು ಫಿನ್ಲೆಂಡಿನ ವಿದ್ವಾಂಸರು ದಾಖಲಿಸಿ 1998ರಲ್ಲಿ ಪ್ರಕಟಿಸಿದ ಸಿರಿ ಪಾಡ್ದನ (ತುಳುವಿನ ಕಥೆ ಹೇಳುವ ಹಾಡು) 15,683 ಸಾಲಿನದು. ಗಡಿಯಾಚೆಯ ಕವತ್ತಾರು, ನಂದಳಿಕೆಯ ಸಿರಿ ಜಾತ್ರೆಗಳಲ್ಲಿ ಹೆಂಗಸರ ಮೈಮೇಲೆ ಸಿರಿ ಬರುತ್ತಾಳೆ. ಮನೆಯಲ್ಲಿ ಬಾಯಿಬಿಡದ ಹೆಂಗಸು ಅಲ್ಲಿ ತನ್ನ ಕಥೆ ಹಾಡುತ್ತಾಳೆ.

ಹೊರಗಿನವರಲ್ಲಿ ಚೀನಾದ ಮಾಜು. ಫುಜಿಯಾನಿನ ಮೈಝೌ ದ್ವೀಪದಲ್ಲಿ 960ರಲ್ಲಿ ಹುಟ್ಟಿದ ಲಿನ್ ಮೋ ಎಂಬ ಹುಡುಗಿ, ಬಿರುಗಾಳಿಗೆ ಸಿಕ್ಕ ಮನೆಯವರನ್ನು ಮೈಮರೆತ ಸ್ಥಿತಿಯಲ್ಲೇ ಕಾಪಾಡಿದಳಂತೆ. ಇಂದು ತೈವಾನಿನಿಂದ ಮಲೇಷ್ಯಾದವರೆಗೆ ಮೀನುಗಾರರ ದೇವಿ. ಕಸಬ ಕಡಪ್ಪುರದಲ್ಲಿ ದೋಣಿ ಇಳಿಸುವ ಮುನ್ನ ಭಗವತಿಗೆ ಕೈಮುಗಿಯುವವರಿಗೆ ಅವಳನ್ನು ಪರಿಚಯಿಸುವುದು ಸುಲಭ.

ಉತ್ತರ ಧ್ರುವದ ಇನ್ಯೂಟರ ಸೆಡ್ನಾಳನ್ನು ಅಪ್ಪನೇ ದೋಣಿಯಿಂದ ದೂಡಿದ. ಅಂಚು ಹಿಡಿದ ಬೆರಳುಗಳನ್ನು ಕಡಿದ. ಆ ಬೆರಳುಗಳೇ ಸೀಲ್, ವಾಲ್ರಸ್, ತಿಮಿಂಗಿಲಗಳಾದವು. ಜನ ಕಟ್ಟಳೆ ಮುರಿದಾಗ ಅವಳ ಕೂದಲು ಸಿಕ್ಕಾಗುತ್ತದೆ, ಬೇಟೆ ಸಿಗುವುದಿಲ್ಲ. ಆಗ ಮಂತ್ರವಾದಿ ಕಡಲ ತಳಕ್ಕೆ ಇಳಿದು ಅವಳ ತಲೆ ಬಾಚಬೇಕು, ಅವಳಿಗೆ ಬೆರಳಿಲ್ಲವಲ್ಲ.

ಸತ್ತು ಮರಳಿದ ದೇವಿ ಇದ್ದಾಳೆಯೇ?

ಇನಾನ್ನಾ. ಅಕ್ಕ ಎರೆಶ್ಕಿಗಲ್ ಆಳುವ ಪಾತಾಳಕ್ಕೆ ಹೊರಟಳು. ಏಳು ಬಾಗಿಲು, ಒಂದೊಂದರಲ್ಲೂ ಕಿರೀಟ, ಸರ, ಉಡುಪು ಕಳಚಿಕೊಂಡರು. ಬೆತ್ತಲೆಯಾಗಿ ನಿಂತವಳನ್ನು ಕೊಂದು ಕೊಕ್ಕೆಗೆ ನೇತುಹಾಕಿದರು. ಮೂರು ದಿನದ ಮೇಲೆ ಎಂಕಿ ದೇವ ತನ್ನ ಉಗುರಿನ ಕೊಳೆಯಿಂದ ಎರಡು ಜೀವಿಗಳನ್ನು ಮಾಡಿ ಕಳಿಸಿದ. ಅವು ಹೋದಾಗ ಎರೆಶ್ಕಿಗಲ್ ನೋವಿನಿಂದ ನರಳುತ್ತಿದ್ದಳು. ಅವು ಯುದ್ಧ ಮಾಡಲಿಲ್ಲ, ಅವಳು ಅಯ್ಯೋ ಎಂದಾಗ ತಾವೂ ಅಯ್ಯೋ ಎಂದವು. ತನ್ನ ನೋವಿಗೆ ದನಿಗೂಡಿಸಿದ್ದಕ್ಕೆ ಮೆಚ್ಚಿ ಅವಳು ತಂಗಿಯ ಹೆಣ ಕೊಟ್ಟಳು. ನಾಲ್ಕು ಸಾವಿರ ವರ್ಷ ಹಳೆಯ ಹಲಗೆಗಳಲ್ಲಿ ಈ ಸೂಕ್ಷ್ಮ ಇರುವುದು ನನಗೆ ಇಂದಿಗೂ ಆಶ್ಚರ್ಯ.

ಗ್ರೀಕರ ಪರ್ಸೆಫೊನಿಯದು ಅಪಹರಣದ ಕಥೆ. ಅವಳ ತಾಯಿ ಡಿಮೀಟರ್ ದುಃಖದಲ್ಲಿ ಬೆಳೆ ನಿಲ್ಲಿಸಿದಳು. ಪಾತಾಳದಲ್ಲಿ ದಾಳಿಂಬೆ ಬೀಜ ತಿಂದದ್ದರಿಂದ ಮಗಳು ವರ್ಷದ ಒಂದು ಭಾಗ ಅಲ್ಲಿಗೆ ಮರಳಲೇಬೇಕು.

ಮೇರಿ ಮಾತೆಯೂ ದೇವಿಯೇ?

ಕ್ರೈಸ್ತ ನೆರೆಹೊರೆಯವರ ಮಾತನ್ನೇ ಒಪ್ಪಬೇಕು: ಅಲ್ಲ. ಅವಳು ದೇವರ ತಾಯಿ, ಪೂಜ್ಯಳು. ಆರಾಧನೆ ದೇವರಿಗೆ ಮಾತ್ರ. ‘ದೇವರ ತಾಯಿ’ ಎಂಬ ಬಿರುದು ಕ್ರಿ.ಶ. 431ರಲ್ಲಿ ಗಟ್ಟಿಯಾದದ್ದು ಎಫೆಸಸ್ ಪಟ್ಟಣದ ಸಭೆಯಲ್ಲಿ, ಅಂದರೆ ಹಿಂದೆ ಆರ್ಟೆಮಿಸ್ ದೇವಿಗೆ ಹೆಸರಾಗಿದ್ದ ಊರಿನಲ್ಲಿ. ಮೊಲೆಯೂಡುವ ಈಜಿಪ್ಟಿನ ದೇವಿ ಐಸಿಸ್ ಮತ್ತು ಮಗು ಹೋರಸನ ಮೂರ್ತಿಗಳು ಮೇರಿಯ ಚಿತ್ರಗಳಿಗೆ ಮಾದರಿಯಾಗಿರಬಹುದು ಎನ್ನುವವರಿದ್ದಾರೆ. ಹಾಗಿದ್ದರೂ ನಂಬಿಕೆ ಬೇರೆ, ಚಿತ್ರ ಬೇರೆ. ಮುಸ್ಲಿಂ ಗೆಳೆಯರಿಗೂ ಅವಳು ಆಪ್ತಳು. ಕುರ್‌ಆನಿನ 19ನೇ ಅಧ್ಯಾಯ ಮರಿಯಮಳ ಹೆಸರಿನದು, ಇಡೀ ಕುರ್‌ಆನಿನಲ್ಲಿ ಹೆಸರು ಹಿಡಿದು ಕರೆದ ಹೆಂಗಸು ಅವಳೊಬ್ಬಳೇ.

1890ರಲ್ಲಿ ಕಟ್ಟಿದ ಬೇಳದ ಶೋಕಮಾತೆಯ ಇಗರ್ಜಿಯ ದಾರಿಯಲ್ಲಿ ಸೆಪ್ಟೆಂಬರ್ 8ರ ಹೊತ್ತಿಗೆ ಹೋಗಿ. ಕೊಂಕಣಿ ಕ್ರೈಸ್ತರಿಗೆ ಅಂದು ಮೊಂತಿ ಫೆಸ್ತ್, ಮೇರಿಯ ಹುಟ್ಟುಹಬ್ಬ. ಮಕ್ಕಳು ಹೂ ಹಾಕುತ್ತಾರೆ, ಹೊಸ ಭತ್ತದ ತೆನೆಗೆ ಆಶೀರ್ವಾದ ಆಗುತ್ತದೆ, ತೆನೆಯ ಕಾಳನ್ನು ಮನೆಯ ಊಟದಲ್ಲಿ ಎಲ್ಲರೂ ಹಂಚಿಕೊಳ್ಳುತ್ತಾರೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಪಕ್ಕದ ತುಳು ಮನೆಯಲ್ಲೂ ತೆನೆ ಕಟ್ಟಿ ಹೊಸ ಅಕ್ಕಿ ಊಟ. ಅಥೆನ್ಸಿನ ಹತ್ತಿರದ ಎಲ್ಯೂಸಿಸ್‌ನಲ್ಲಿ ಡಿಮೀಟರಳ ಗುಟ್ಟಿನ ಪೂಜೆಯಲ್ಲಿ ಕೊನೆಗೆ ತೋರಿಸುತ್ತಿದ್ದದ್ದೂ ಮೌನವಾಗಿ ಕೊಯ್ದ ಒಂದು ತೆನೆ ಎಂದು ಹಳೆಯ ಕ್ರೈಸ್ತ ಬರಹಗಾರನೊಬ್ಬ ದಾಖಲಿಸಿದ್ದಾನೆ.

ಜುಮಾದಿ ಗಂಡೋ ಹೆಣ್ಣೋ?

ತುಳುನಾಡಿನ ಈ ದೈವ ಎರಡೂ. ಮುಖಕ್ಕೆ ಮೀಸೆ, ಎದೆಗೆ ಮೊಲೆ. ಹಸಿದ ಪಾರ್ವತಿ ಶಿವನನ್ನೇ ನುಂಗಿದ ಕಥೆಯನ್ನು ಇದಕ್ಕೆ ಹೇಳುತ್ತಾರೆ. ಸೈಪ್ರಸ್ ದ್ವೀಪದಲ್ಲಿ ಗಡ್ಡವಿರುವ ಅಫ್ರೊಡೈಟಿಗೆ (ಗ್ರೀಕರ ಪ್ರೇಮದೇವಿ) ಪೂಜೆ ಇತ್ತು. ಗಂಡಾಗಿದ್ದ ಬೋಧಿಸತ್ವ ಅವಲೋಕಿತೇಶ್ವರ ಚೀನಾದಲ್ಲಿ ನಿಧಾನಕ್ಕೆ ಹೆಣ್ಣಾಗಿ ಗುವಾನ್‌ಯಿನ್ ಆದ. ಸಿಬೆಲೆಯ ಪೂಜಾರಿಗಳು ಗಂಡುತನ ಬಿಟ್ಟು ಹೆಣ್ಣುಡುಗೆ ಉಡುತ್ತಿದ್ದರು, ಸವದತ್ತಿಯ ಎಲ್ಲಮ್ಮನ ಜೋಗಪ್ಪಂದಿರ ಹಾಗೆ.

ದೇವಿಯನ್ನು ಪೂಜಿಸುವ ನಾಡಿನಲ್ಲಿ ಹೆಣ್ಣಿಗೆ ಗೌರವ ಹೆಚ್ಚಲ್ಲವೇ?

ಅಥೆನ್ಸ್ ಅಥೆನಾ ದೇವಿಯ ಹೆಸರನ್ನೇ ಹೊತ್ತ ಊರು, ಕ್ರಿ.ಪೂ. 447ರಿಂದ ಅವಳಿಗೆ ಪಾರ್ಥೆನಾನ್ ಕಟ್ಟಿತು. ಆ ಊರಿನ ಹೆಂಗಸರಿಗೆ ಸಭೆಯಲ್ಲಿ ಮತ ಇರಲಿಲ್ಲ. ದೇವಿಗೆ ಹೊದಿಸುವ ವಸ್ತ್ರ ನೇಯುವುದು, ಪೂಜೆ ಉತ್ಸವಗಳಲ್ಲಿ ಸೇವೆ ಮಾಡುವುದು ಅವರ ಪಾಲು.

ನಮ್ಮಲ್ಲಿ ಅಳಿಯಸಂತಾನ, ಮರುಮಕ್ಕತ್ತಾಯ ಇತ್ತು, ಮನೆತನ ಹೆಣ್ಣಿನ ಕಡೆಯಿಂದ ನಡೆಯುತ್ತಿತ್ತು. ಆದರೂ ಯಜಮಾನಿಕೆ ಬಹುಮಟ್ಟಿಗೆ ಸೋದರಮಾವನ ಕೈಯಲ್ಲಿ. ಭಗವತಿ ತೆಯ್ಯಂಗಳನ್ನು ಕಟ್ಟುವವರು ಗಂಡಸರು. ಹೆಂಗಸು ಕಟ್ಟುವ ತೆಯ್ಯಂ ಎಂದು ಹೆಸರಾದದ್ದು ಕಣ್ಣೂರು ಜಿಲ್ಲೆಯ ತೆಕ್ಕುಂಬಾಡಿನ ದೇವಕೂತ್ತು ಮಾತ್ರ. ಮುಚ್ಚಿಲೋಟು ಭಗವತಿಗೆ ಬಾಗುವ ತಲೆ, ಎದುರು ಮಾತಾಡಿದ ಮಗಳ ಮುಂದೆ ಬಾಗಬೇಕೆಂದಿಲ್ಲ, ಕೊನೆಯ ಪಕ್ಷ ಅವಳು ಹೇಳುವುದನ್ನು ಕೇಳಲಿ ಎನ್ನುವುದು ನನ್ನ ಆಸೆ.

ಪ್ರಾಚೀನ ದೇವಿಯರಲ್ಲಿ ಇಂದಿಗೂ ಪೂಜೆ ಪಡೆಯುವವರು ಭಾರತದಲ್ಲಿ ಮಾತ್ರ ಉಳಿದಿದ್ದಾರೆಯೇ?

ಅಲ್ಲ. ಅಮತೆರಾಸು, ಮಾಜು, ಪಚಮಾಮಾ ಬಗ್ಗೆ ಹೇಳಿಯಾಯಿತು. 2018ರಲ್ಲಿ ಹವಾಯಿಯ ಕಿಲಾವಿಯಾ ಜ್ವಾಲಾಮುಖಿ ಉಕ್ಕಿ ಸುಮಾರು 700 ಮನೆಗಳು ಲಾವಾದಡಿ ಹೋದಾಗ, ಅಲ್ಲಿನ ಜನ ರಸ್ತೆಯ ಬಿರುಕುಗಳಲ್ಲಿ ಪೆಲೆ ದೇವಿಗೆ ‘ಟಿ’ ಎಂಬ ಗಿಡದ (ಚಹಾ ಅಲ್ಲ) ಎಲೆ ಇಟ್ಟರು. ನೈಜೀರಿಯಾದ ಓಶೊಗ್ಬೊದಲ್ಲಿ ಓಶುನ್ ಹೊಳೆಯ ದೇವಿಗೆ ಕಾಡೇ ಗುಡಿ. 2005ರಲ್ಲಿ ಅದು ಯುನೆಸ್ಕೊ ಪಟ್ಟಿಗೆ ಸೇರಿತು, ಆಗಸ್ಟಿನ ಉತ್ಸವಕ್ಕೆ ಜನಸಾಗರ. ನಮ್ಮ ಇಡಯಿಲೆಕ್ಕಾಡಿನ ಕಾವು, ಅಂದರೆ ದೇವರ ಬನ, ನೋಡಿದವರಿಗೆ ಇದರ ಅರ್ಥ ಬೇಗ ಆಗುತ್ತದೆ. ಕಾಡು ಕಡಿದು ಆ ಜಾಗದಲ್ಲಿ ಕಾಂಕ್ರೀಟಿನ ಗುಡಿ ಕಟ್ಟಿಸುವ ಹುಮ್ಮಸ್ಸು ನಮ್ಮಲ್ಲಿ ಬೆಳೆಯುತ್ತಿದೆ. ಬನದ ದೇವಿಗೆ ಬನವನ್ನೇ ಬಿಟ್ಟುಕೊಡಿ ಎಂದು ಸಮಿತಿಗಳವರಲ್ಲಿ ಕೈಮುಗಿದು ಕೇಳುತ್ತೇನೆ.

ನಮ್ಮ ಮನೆಯ ದೇವಿಯ ಕಥೆ ಬರೆದಿಡಬೇಕು. ಏನು ಕೇಳಬೇಕು?

ಪತ್ತನಾಜೆಯಿಂದ ಪತ್ತಾಮುದಯದವರೆಗೆ, ಅಂದರೆ ಮೇ ಕೊನೆಯಿಂದ ಅಕ್ಟೋಬರಿನವರೆಗೆ, ನೇಮ ಕಳಿಯಾಟಗಳು ಇರುವುದಿಲ್ಲ. ಕಟ್ಟುವವರಿಗೂ ಹಾಡುವವರಿಗೂ ಬಿಡುವಿರುವ ಆ ಮಳೆಗಾಲವೇ ಒಳ್ಳೆಯ ಸಮಯ. ದೇವಿ ಎಲ್ಲಿಂದ ಬಂದಳು, ಹಡಗಿನಲ್ಲೋ ಯಾರ ಕೊಡೆಯ ಜೊತೆಯಲ್ಲೋ, ಮೊದಲು ಕಂಡವರು ಯಾವ ಜಾತಿಯವರು, ಏನು ಕೇಳಿದಳು, ಅವಳಿಗೆ ಯಾವುದು ಆಗದು, ಜೊತೆಗೆ ಯಾವ ದೈವಗಳಿವೆ ಎಂದು ಕೇಳಿ. ಮನೆಯ ಯಜಮಾನರನ್ನು ಮಾತ್ರ ಕೇಳಬೇಡಿ. ಪಾಡ್ದನ ಹೇಳುವ ಅಜ್ಜಿಗೆ ಗೊತ್ತಿರುವ ಕಥೆ ಬೇರೆಯಿರುತ್ತದೆ. ಎರಡನ್ನೂ ಬರೆದುಕೊಳ್ಳಿ. ತುಳುವಿನಲ್ಲಿ ಹೇಳಿದ್ದನ್ನು ತುಳುವಿನಲ್ಲೇ, ಮಲಯಾಳದ ತೋತ್ತಂ (ತೆಯ್ಯಂನ ಹಾಡು) ಆದರೆ ಮಲಯಾಳದಲ್ಲೇ, ಕನ್ನಡ ಲಿಪಿಯಲ್ಲಿ ಬರೆಯಿರಿ. ಪುರಾಣಕ್ಕೆ ಹೊಂದುವಂತೆ ತಿದ್ದಬೇಡಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದಾದರೆ ಹಾಡುವವರ ಒಪ್ಪಿಗೆ ಮೊದಲೇ ಕೇಳಿ. ಕೆಲವು ಭಾಗಗಳನ್ನು ಕಾಲವಲ್ಲದ ಕಾಲದಲ್ಲಿ ಹಾಡುವುದಿಲ್ಲ ಎಂದರೆ ಅಲ್ಲಿಗೆ ನಿಲ್ಲಿಸಿ, ಕಳಿಯಾಟದ ದಿನ ಮತ್ತೆ ಹೋಗಿ.